ಕರೆಯದೆ ಬಂದ ಅಕ್ಕ

ಹೋದ ವರ್ಷ ನಾಗರ ಪಂಚಮಿಗೆ ನಾನು ಅಕ್ಕನನ್ನು ತವರಿಗೆ ಕರೆತರಲಿಲ್ಲ. ಅವಳಿಗೆ ಶ್ವಾಸಕೋಶದ ಕ್ಯಾನ್ಸರ್ ಆಗಿತ್ತು. ಉಂಡಿಯ ಡಬ್ಬಿ ಹಿಡಿದು ಅವಳ ಗಂಡನ ಊರಾದ ಸಿಂದಗಿಯ ಬಸ್ ನಿಲ್ದಾಣದವರೆಗೆ ಹೋದವನು, ಕೂದಲು ಉದುರಿ ಸೊರಗಿರುತ್ತಾಳೆ ಎಂದುಕೊಂಡು, ಅವಳನ್ನು ನೋಡುವ ಧೈರ್ಯವಾಗದೆ ಅಲ್ಲಿಂದಲೇ ನಮ್ಮೂರು ಝಳಕಿಗೆ ಮರಳಿದೆ. ಆಮೇಲೆ ಫೋನನ್ನೂ ಮಾಡಲಿಲ್ಲ.

ಈ ಪಂಚಮಿಗೆ ಅವಳೇ ಬಂದಳು. ಬ್ಯಾಗು ಇಳಿಸಿದವಳೇ ಬೇವಿನ ಮರದ ಜೋಕಾಲಿ ಏರಿ, ಓಣಿಯ ಹುಡುಗಿಯರಿಗಿಂತ ಎತ್ತರಕ್ಕೆ ಜೀಕಿದಳು. ದಪ್ಪ ಜಡೆ ಬೆನ್ನಿಗೆ ಬಡಿಯುತ್ತಿತ್ತು.

"ಕೂದಲಾ ಉದುರಿಲ್ಲೇನ ಅಕ್ಕಾ?" ಎಂದೆ.

"ಗಡ್ಡಿದೊಂದು ಚೂರು ತಗದು ಪರೀಕ್ಷೆ ಮಾಡಿ, ಅದಕ್ಕ ತಕ್ಕ ಗುಳಿಗಿ ಕೊಟ್ಟಾರೋ. ರೋಗ ಬೆಳೆಸೋದನ್ನಷ್ಟ ಹುಡುಕಿ ಹಿಡಿತೈತಂತ. ನಿನ್ನಂಗ ಕಂಡಕಂಡವರ ಮ್ಯಾಲೆ ಹರಿಹಾಯಂಗಿಲ್ಲ," ಎಂದು ನಕ್ಕಳು. ಗಡ್ಡೆ ಈಗ ಬಹಳಷ್ಟು ಕರಗಿದೆಯಂತೆ. ಮನೆಗೆಲಸ, ಹೊಲದ ಕೆಲಸ ಎಲ್ಲವನ್ನೂ ಮಾಡುತ್ತಾಳೆ.

ಆರನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಕ್ಯಾನ್ಸರ್ ಎಂದರೆ ಸಾವು ಎಂದಷ್ಟೇ ತಿಳಿದಿದ್ದೆ.

ಜೋಕಾಲಿಯ ಹಗ್ಗ ಹಿಡಿದು ನಿಲ್ಲಿಸಿ, ಎಲ್ಲರ ಎದುರಿಗೇ ಹೇಳಿದೆ: "ತಪ್ಪಾತ ಅಕ್ಕಾ. ನೀ ಬದುಕಾಕ ಗುಳಿಗಿ ನುಂಗಾಕತ್ತಿದ್ದಿ, ನಾ ಇಲ್ಲಿ ನಿನ್ನ ಆಸೆ ಬಿಟ್ಟು ಕುಂತಿದ್ದೆ."