ನಿಮಗೆ ಯಾವ ವೀಸಾ, ಅತ್ತೆ?

ನನ್ನ ಭಾವನಿಗೆ ವಾದವೆಂದರೆ ಊಟಕ್ಕಿಂತ ಹೆಚ್ಚು. ಊಟದ ಮಧ್ಯೆಯೇ ವಾದಕ್ಕೊಂದು ವಿಷಯ ಸಿಕ್ಕಿತೋ, ಕೇಳುವುದೇ ಬೇಡ.

ಮೊನ್ನೆ ಬಂಟ್ವಾಳದ ಸಭಾಭವನವೊಂದರಲ್ಲಿ ನಮ್ಮ ಸಂಬಂಧದ ಹುಡುಗಿಯ ಮದುವೆಯಿತ್ತು. ಎಲೆ ಹಾಕಿ, ಉಪ್ಪು ಉಪ್ಪಿನಕಾಯಿ ಬಡಿಸಿ ಆಗಿತ್ತು. ಬಡಿಸುವವರಲ್ಲಿ ಒಬ್ಬರು ಮಾಸ್ಕ್ ಹಾಕಿದ್ದರು, ಶೀತವೋ ಏನೋ ಪಾಪ. ಅಷ್ಟು ಸಾಕಾಯಿತು. ಎದುರಿನ ಸಾಲಿನಲ್ಲಿ ಅಕ್ಕನ ಪಕ್ಕ ಕೂತಿದ್ದ ಭಾವ ಶುರು ಹಚ್ಚಿದರು.

"ಇದನ್ನು ಇನ್ನೂ ಬಿಡ್ಲಿಲ್ವಾ ಮಾರಾಯ್ರೆ? ಮಾಸ್ಕ್ ಹಾಕಿದವರಿಗೂ ಬಂತು, ಇಂಜೆಕ್ಷನ್ ತೆಗೆದುಕೊಂಡವರಿಗೂ ಬಂತು. ಎಲ್ಲ ಬರೀ ಬಿಸಿನೆಸ್. ನಮ್ಮ ಅತ್ತೆಯನ್ನು ನೋಡಿ, ಕೊನೆಯವರೆಗೂ ನನ್ನ ಮಾತಿನಲ್ಲೇ ನಿಂತವರು. ಒಂದು ಸೂಜಿ ತಾಗಿಸಿಕೊಳ್ಳಲಿಲ್ಲ. ಗಟ್ಟಿ ಹೆಂಗಸು."

ಅವರ ಅತ್ತೆ ಅಂದರೆ ನನ್ನ ಅಮ್ಮ. ಕೊರೊನಾದ ಎರಡನೇ ಅಲೆಯಲ್ಲಿ ತೀರಿಹೋದವಳು. ಗಟ್ಟಿ ಹೆಂಗಸಂತೆ! ನನ್ನ ಮೈಯೆಲ್ಲ ಉರಿದುಹೋಯಿತು. ಅನ್ನದ ಮೇಲೆ ಸಾರು ಬಿದ್ದದ್ದೂ ನನಗೆ ಗೊತ್ತಾಗಲಿಲ್ಲ.

ನಾವು ಮನೆಯಲ್ಲಿ ಮಾತಾಡುವುದು ತುಳು. ಭಾವನೂ ತುಳುವೇ. ಆದರೆ ವಾದಕ್ಕೆ ಕೂತರೆ ಮಾತ್ರ ಅವರು ಕನ್ನಡಕ್ಕೆ ಹೊರಳುತ್ತಾರೆ, ಟಿವಿಯಲ್ಲಿ ಕೂತವರ ಹಾಗೆ ನಿಧಾನಕ್ಕೆ, ಒಂದೊಂದೇ ಶಬ್ದ ಬಿಡಿಸಿ. ಕನ್ನಡ ಶುರುವಾಯಿತೆಂದರೆ ಎದುರಿನವರು ಬಾಯಿ ಮುಚ್ಚಬೇಕು ಅಂತ ಅರ್ಥ. ಅಮ್ಮ ಯಾವಾಗಲೂ ಮುಚ್ಚುತ್ತಿದ್ದಳು. ಗಲ್ಫ್‌ನಲ್ಲಿರುವ ಅಳಿಯ, ಮೂಡುಬಿದಿರೆಯಲ್ಲಿ ಮನೆ ಕಟ್ಟಿಸಿದ ಅಳಿಯ, ಅವರ ಮಾತೆಂದರೆ ಅವಳಿಗೆ ಅದರ ಮೇಲೆ ಇನ್ನೊಂದು ಮಾತಿಲ್ಲ.

ಅಮ್ಮ ಇದ್ದದ್ದು ನನ್ನ ಜೊತೆ, ವೇಣೂರಿನ ಹತ್ತಿರ. ಮಡಂತ್ಯಾರಿನಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಉಂಟು. ಅಮ್ಮ ಬೀಡಿ ಕಟ್ಟುತ್ತಿದ್ದಳು. ನಾವು ಇಬ್ಬರು ಹೆಣ್ಣುಮಕ್ಕಳು ಶಾಲೆಗೆ ಹೋದದ್ದು, ಅಕ್ಕನ ಮದುವೆಯಾದದ್ದು, ಎಲ್ಲವೂ ಅವಳ ಮಡಿಲಿನ ಬೀಡಿ ಗೆರಸೆಯಿಂದಲೇ. ಆ ಹೊಗೆಸೊಪ್ಪಿನ ಧೂಳು ಒಳಗೆ ಹೋಗಿ ಹೋಗಿ ಅವಳ ಎದೆ ಹಾಳಾಗಿತ್ತು. ಮಳೆಗಾಲ ಬಂದರೆ ಉಬ್ಬಸ, ನಾಲ್ಕು ಮೆಟ್ಟಿಲು ಹತ್ತಿದರೆ ಉಬ್ಬಸ. ಈ ರೋಗ ಇವಳನ್ನು ಹಿಡಿದರೆ ಬಿಡುವುದಿಲ್ಲ ಅಂತ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದರು. ಅಂದಿನಿಂದ ನನ್ನ ತಲೆಯಲ್ಲಿ ಇದ್ದದ್ದು ಒಂದೇ, ಅದು ಅಮ್ಮನ ಹತ್ತಿರ ಬರಬಾರದು.

ವಯಸ್ಸಾದವರಿಗೆ ಇಂಜೆಕ್ಷನ್ ಶುರುವಾದಾಗ ಆಶಾ ಕಾರ್ಯಕರ್ತೆ ಮನೆಗೇ ಬಂದು ಹೇಳಿದರು. ಅಮ್ಮ ಖುಷಿಯಲ್ಲೇ ಇದ್ದಳು. ಮದುವೆಗೆ ಹೊರಟವಳ ಹಾಗೆ ಪೆಟ್ಟಿಗೆಯಿಂದ ಸೀರೆ ತೆಗೆದು, ತೋಳು ಸಡಿಲ ಇರುವ ರವಕೆ ಯಾವುದು ಅಂತ ನನ್ನನ್ನು ಕೇಳಿದ್ದಳು. ಆ ಸಂಜೆಯೇ ಭಾವ ಬಂದರು. ರಜೆಯಲ್ಲಿ ಊರಿಗೆ ಬಂದವರು ವಿಮಾನ ಸರಿಯಾಗಿ ಇಲ್ಲದೆ ಇಲ್ಲೇ ಉಳಿದಿದ್ದರು. ಕುರ್ಚಿಯಲ್ಲಿ ಕೂತು ಕಾಲ ಮೇಲೆ ಕಾಲು ಹಾಕಿ ಕನ್ನಡ ಶುರು ಮಾಡಿದರು. ಅಷ್ಟು ಬೇಗ ಮಾಡಿದ ಮದ್ದು ಮದ್ದೇ ಅಲ್ಲ. ಅದನ್ನು ತೆಗೆದುಕೊಂಡ ಮೇಲೂ ಜ್ವರ ಬರುವುದಾದರೆ ತೆಗೆದುಕೊಳ್ಳುವುದು ಯಾಕೆ. ನಿಮ್ಮ ಎದೆ ಮೊದಲೇ ವೀಕ್, ಹೆಚ್ಚುಕಮ್ಮಿ ಆದರೆ ಯಾರು ಜವಾಬ್ದಾರಿ.

"ನೀವು ತೆಗೆದುಕೊಂಡಿದ್ದೀರಲ್ಲ ಭಾವ?" ಅಂದೆ. ಅಲ್ಲಿಯ ಕಂಪೆನಿಯಲ್ಲಿ ಹಾಕಿಸಿಕೊಂಡೇ ಅವರು ವಿಮಾನ ಹತ್ತಿದ್ದು. ಅಕ್ಕನೇ ಫೋನಿನಲ್ಲಿ ಹೇಳಿದ್ದಳು.

ಅವರಿಗೆ ಒಂದು ಚೂರೂ ನಾಚಿಕೆ ಆಗಲಿಲ್ಲ. "ನನ್ನದು ಬೇರೆ. ಹಾಕಿಸದಿದ್ದರೆ ಕಂಪೆನಿಯವರು ಬಿಡುವುದಿಲ್ಲ, ವೀಸಾ ಮುಂದೆ ಹೋಗುವುದಿಲ್ಲ" ಅಂದರು. ಆಮೇಲೆ ಅಮ್ಮನ ಕಡೆ ತಿರುಗಿ ನಕ್ಕರು. "ನಿಮಗೆ ಯಾವ ವೀಸಾ, ಅತ್ತೆ?"

ಅಮ್ಮನೂ ನಕ್ಕಳು. ಅಳಿಯ ತಮಾಷೆ ಮಾಡಿದರೆ ನಗಬೇಕಲ್ಲ. ಸೀರೆ ಪುನಃ ಪೆಟ್ಟಿಗೆಗೆ ಹೋಯಿತು. ನಾನು ಜಗಳ ಮಾಡಿದೆ, ಕಣ್ಣೀರು ಹಾಕಿದೆ, ಊಟ ಬಿಟ್ಟೆ. ಆಶಾ ಕಾರ್ಯಕರ್ತೆ ಮತ್ತೆ ಮತ್ತೆ ಬಂದರು. "ಅಳಿಯ ಬೇಡ ಅಂದಿದ್ದಾರೆ ಮಗಾ, ಅವರು ನಾಲ್ಕು ದೇಶ ನೋಡಿದವರು" ಅನ್ನುವುದೇ ಅವಳ ಉತ್ತರ. ನಾಲ್ಕು ದೇಶ ನೋಡಿದವರು! ನೋಡಿದ್ದು ಎಂತ, ಗೋಡೌನ್ ಮತ್ತು ರೂಮು.

ಸರಿ, ಇಂಜೆಕ್ಷನ್ ಇಲ್ಲದಿದ್ದರೆ ಮಾಸ್ಕ್ ಆದರೂ ಇರಲಿ ಅಂತ ನಾನು ಹಟ ಹಿಡಿದೆ. ಅಂಗಡಿಯಲ್ಲಿ ಉಳಿದ ಕಾಟನ್ ಬಟ್ಟೆಯಲ್ಲಿ ರಾಶಿ ಮಾಸ್ಕ್ ಹೊಲಿದೆ. ಅದು ಮಹಾ ಕವಚವೇನೂ ಅಲ್ಲ, ಆಸ್ಪತ್ರೆಯವರು ಹಾಕುವ ದಪ್ಪದ್ದು ಅದಕ್ಕಿಂತ ಎಷ್ಟೋ ವಾಸಿ ಅಂತ ನನಗೂ ಆಮೇಲೆ ಗೊತ್ತಾಯಿತು. ಆದರೆ ನಮ್ಮೂರಿನ ಮಳೆಗೆ ಕೊಡೆ ಹಿಡಿದರೂ ಸೀರೆಯ ಅಂಚು ಚಂಡಿಯಾಗುತ್ತದೆ. ಹಾಗಂತ ಯಾರೂ ಕೊಡೆ ಬಿಸಾಡಿ ಬರುವುದಿಲ್ಲ. ಇಷ್ಟು ಸಣ್ಣ ವಿಷಯ ಆ ಮನುಷ್ಯನ ತಲೆಗೆ ಹೋಗಲಿಲ್ಲ. "ಪೂರಾ ತಡೀತದಾ ಹೇಳು, ಪೂರಾ?" ಅಂತ ಒಂದೇ ಪಟ್ಟು. ಪೂರಾ ತಡೆಯುವಂಥದ್ದು ಎಂತ ಉಂಟು ಈ ಲೋಕದಲ್ಲಿ?

ಅಷ್ಟರಲ್ಲಿ ಅಮ್ಮ ಅಂಗಳದಲ್ಲಿ ಜಾರಿ ಕಾಲು ಉಳುಕಿಸಿಕೊಂಡಳು. ಒಂದು ಬ್ಯಾಂಡೇಜ್ ಅಷ್ಟೆ, ದೊಡ್ಡದೇನೂ ಇಲ್ಲ. ಆದರೆ ಊರಿಗೆ ಸುದ್ದಿ ಹೋಯಿತು. ನಮ್ಮ ಕಡೆ ಹುಷಾರಿಲ್ಲದವರನ್ನು ನೋಡಿಕೊಂಡು ಬರದಿದ್ದರೆ ಅದು ಸಣ್ಣ ತಪ್ಪಲ್ಲ. ಮದುವೆಗೆ ತಪ್ಪಿಸಿದರೂ ಕ್ಷಮೆ ಉಂಟು, ಮಲಗಿದವರನ್ನು ನೋಡಲಿಕ್ಕೆ ಬರಲಿಲ್ಲ ಅನ್ನುವುದನ್ನು ಜನ ಮರೆಯುವುದೇ ಇಲ್ಲ. ಬೆಳುವಾಯಿಯಿಂದ ಬಂದರು, ಬೆಳ್ತಂಗಡಿಯಿಂದ ಬಂದರು. ಕೈಯಲ್ಲಿ ಬ್ರೆಡ್ಡು, ಕಿತ್ತಳೆ. ಮುಖದಲ್ಲಿ ಮಾಸ್ಕ್ ಕೂಡ ಉಂಟು, ದಾರಿಯಲ್ಲಿ ಪೊಲೀಸರು ಹಿಡಿಯುತ್ತಾರಲ್ಲ.

ಆದರೆ ಜಗಲಿಗೆ ಕಾಲಿಟ್ಟ ಕೂಡಲೇ ಚಪ್ಪಲಿಯ ಜೊತೆ ಮಾಸ್ಕನ್ನೂ ಬಿಚ್ಚುವುದು! ನಾನು ಕಣ್ಣಾರೆ ನೋಡಿದ್ದೇನೆ. ಹಿರಿಯರ ಎದುರು ಗಂಡಸರು ತಲೆಗೆ ಸುತ್ತಿದ ಬೈರಾಸನ್ನು ಹೆಗಲಿಗೆ ಇಳಿಸುತ್ತಾರಲ್ಲ, ಹಾಗೆಯೇ ಇದನ್ನೂ ಇಳಿಸಿ, ಮಡಚಿ ಕಿಸೆಗೆ ಹಾಕಿಯೋ ಕಿಟಕಿಯ ಸರಳಿಗೆ ಸಿಕ್ಕಿಸಿಯೋ ಒಳಗೆ ಬರುವುದು. ರಸ್ತೆಯಲ್ಲಿ ಗಾಳಿಗೆ ಮಾಸ್ಕ್, ನನ್ನ ಅಮ್ಮನ ಮಂಚದ ಹತ್ತಿರ ಬೋಳು ಮುಖ. ಎಲ್ಲಿ ಬೇಕೋ ಅಲ್ಲಿಯೇ ಇಲ್ಲ. ಮರ್ಯಾದೆಯಂತೆ! ನಾನು ಬಾಗಿಲಲ್ಲಿ ನಿಂತು "ಹಾಕಿಕೊಂಡೇ ಬನ್ನಿ, ಜಗಲಿಯಲ್ಲೇ ಕೂತು ಮಾತಾಡುವ" ಅಂದರೆ ಅಮ್ಮನೇ ಒಳಗಿನಿಂದ ಕೂಗುತ್ತಿದ್ದಳು, "ಬಂದವರನ್ನು ಹೊರಗೆ ಕೂರಿಸ್ತೀಯಾ? ನಿನಗೆ ಅಷ್ಟೂ ಗೊತ್ತಾಗುವುದಿಲ್ವಾ?"

ಭಾವನೂ ಬಂದರು. ಕೆಮ್ಮುತ್ತಲೇ ಬಂದರು. ಅಕ್ಕನ ಮುಖದಲ್ಲಿ ಮಾಸ್ಕ್ ಇತ್ತು, ಇವರದ್ದು ಕಿಟಕಿಯಲ್ಲಿ. ನಾನು ಅಡ್ಡ ನಿಂತೆ. "ಭಾವ, ನಿಮಗೆ ಕೆಮ್ಮು ಉಂಟು. ದಮ್ಮಯ್ಯ, ಹಾಕಿಕೊಳ್ಳಿ."

"ಅತ್ತೆಯ ಹತ್ತಿರ ಮುಖ ಮುಚ್ಚಿಕೊಂಡು ಮಾತಾಡ್ಲಿಕ್ಕೆ ನಾನೇನು ಕಳ್ಳನಾ?" ಅಂತ ನನ್ನನ್ನು ದಾಟಿ ಹೋಗಿ ಮಂಚದ ತುದಿಯಲ್ಲಿ ಕೂತರು. ಕೂತು ಮತ್ತೆ ಅದೇ ವಾದ. ಅಮ್ಮ ಕಣ್ಣರಳಿಸಿ ಕೇಳುತ್ತಿದ್ದಳು.

ಅಮ್ಮನಿಗೆ ಅದು ಯಾರಿಂದ ಬಂತು ಅಂತ ನನಗೆ ಗೊತ್ತಿಲ್ಲ. ಸುಳ್ಳು ಹೇಳುವುದಿಲ್ಲ. ಬಂದವರು ತುಂಬ ಜನ, ಕೆಮ್ಮಿದವರೂ ಇವರೊಬ್ಬರೇ ಅಲ್ಲ. ಭಾವನಿಗೆ ಮಾತ್ರ ನಾಲ್ಕು ದಿನ ಮೈಕೈ ನೋವು, ಆಮೇಲೆ ಕಲ್ಲುಗುಂಡಿನ ಹಾಗೆ ಎದ್ದು ಕೂತರು. ಅದು ಅವರ ಶರೀರದ ತಾಕತ್ತಂತೆ. ಆಗಿರಬಹುದು ಮಾರಾಯ್ರೆ, ಕಂಪೆನಿಯವರು ಚುಚ್ಚಿಸಿದ್ದರಿಂದಲೂ ಆಗಿರಬಹುದು, ಆ ಒಂದು ಮಾತು ಅವರ ಬಾಯಲ್ಲಿ ಯಾಕೆ ಬರಲಿಲ್ಲ? ಇತ್ತ ಅಮ್ಮನಿಗೆ ಜ್ವರ ಏರಿತು, ಉಸಿರು ಸಿಗದೆ ಮಂಗಳೂರಿನ ಆಸ್ಪತ್ರೆಗೆ ಹಾಕಿದೆವು. ಒಳಗೆ ಬಿಡುವುದಿಲ್ಲ. ಗೇಟಿನ ಹೊರಗೆ ಕಟ್ಟೆಯ ಮೇಲೆ ಕೂತು ಫೋನ್ ನೋಡುವುದೊಂದೇ ನನ್ನ ಕೆಲಸ.

ಒಂದು ಮಧ್ಯಾಹ್ನ ನರ್ಸ್ ಒಬ್ಬರು ತಮ್ಮ ಫೋನಿನಿಂದಲೇ ನನಗೆ ಕರೆ ಮಾಡಿ ಅದನ್ನು ಅಮ್ಮನ ಕಿವಿಗೆ ಹಿಡಿದರು. ಅಮ್ಮ ಒಂದು ಶಬ್ದ ಹೇಳಿ, ಉಸಿರು ಎಳೆದು, ಇನ್ನೊಂದು ಶಬ್ದ ಹೇಳುತ್ತಿದ್ದಳು. ಹಟ್ಟಿಯ ದನಕ್ಕೆ ನೀರು ಇಟ್ಟೆಯಾ ಅಂತ ಕೇಳುತ್ತಾಳೆಂದು ನಾನು ಕಿವಿ ಕೊಟ್ಟೆ.

"ಮಗಾ, ಆ ಇಂಜೆಕ್ಷನ್ ಈಗ ಕೊಡ್ತಾರಾ ಕೇಳು."

ನಾನು ಕಟ್ಟೆಯಿಂದ ಎದ್ದು ನಿಂತೆ.

"ಅಳಿಯನಿಗೆ ಗೊತ್ತಾಗುವುದು ಬೇಡ. ಅವರಿಗೆ ಬೇಜಾರಾಗ್ತದೆ."

ಗೇಟಿಗೆ ಬಂದ ಡಾಕ್ಟರನ್ನು ಹಿಡಿದು ಕೇಳಿದೆ. ಉತ್ತರ ಏನೆಂದು ಗೊತ್ತಿದ್ದೂ ಕೇಳಿದೆ. ಡಾಕ್ಟರು ತಲೆ ಅಲ್ಲಾಡಿಸಿದರು. ಕಾಯಿಲೆ ಬರುವ ಮೊದಲು ಕೊಡುವುದಮ್ಮ ಅದು, ಈಗ ಕೊಟ್ಟು ಪ್ರಯೋಜನ ಇಲ್ಲ ಅಂದರು. ಸಂಜೆ ಫೋನ್ ಪುನಃ ಬಂದಾಗ ನಾಳೆ ಕೊಡ್ತಾರಂತೆ ಅಂದೆ. ಅಮ್ಮನಿಗೆ ಸಮಾಧಾನ ಆಯಿತು. "ಎಡಗೈಗೆ ಕೊಡ್ಲಿಕ್ಕೆ ಹೇಳು. ಬಲಗೈ ನೋವಾದರೆ ಬೀಡಿ ಕಟ್ಟಲಿಕ್ಕೆ ಆಗುವುದಿಲ್ಲ."

ನಾಳೆ ಆಗುವಾಗ ಅಮ್ಮ ಇರಲಿಲ್ಲ.

ಇದನ್ನು ನಾನು ಅಕ್ಕನಿಗೂ ಹೇಳಿರಲಿಲ್ಲ. ಅಮ್ಮ ಬೇಡ ಅಂದಿದ್ದಳಲ್ಲ. ಅಮ್ಮನ ಉತ್ತರಕ್ರಿಯೆಗೆ, ಬೊಜ್ಜದ ಊಟದ ದಿನ, ಭಾವ ಇದೇ ರಾಗ ಎಳೆದಾಗಲೂ ಹಲ್ಲು ಕಚ್ಚಿ ಬಡಿಸಿದೆ. ಇಂಜೆಕ್ಷನ್ ತೆಗೆದುಕೊಂಡಿದ್ದರೆ ಅಮ್ಮ ಉಳಿಯುತ್ತಿದ್ದಳು ಅಂತ ನಾನು ಪ್ರಮಾಣ ಮಾಡಲಾರೆ. ಅವಳ ಎದೆ ಹಾಗಿತ್ತು. ಆದರೆ ಒಂದು ಕೊಡೆ ಆದರೂ ಅವಳ ಕೈಯಲ್ಲಿ ಇರುತ್ತಿತ್ತು. ಅದನ್ನು ಇವರು ನಗುತ್ತಾ ಕಸಿದುಕೊಂಡರು. ಈಗ ಸತ್ತವಳನ್ನು ತಮ್ಮ ವಾದಕ್ಕೆ ಸಾಕ್ಷಿಯಾಗಿ ನಿಲ್ಲಿಸುತ್ತಾರೆ, ಅದೂ ಮದುವೆಯ ಊಟದಲ್ಲಿ, ಊರವರ ಎದುರು. ಸಹಿಸುವುದಕ್ಕೂ ಒಂದು ಮಿತಿ ಇಲ್ವಾ?

"ಭಾವ" ಅಂದೆ. ನನ್ನ ಸ್ವರ ನನಗೇ ದೊಡ್ಡದಾಗಿ ಕೇಳಿತು. ಸಾಲಿನವರೆಲ್ಲ ತಿರುಗಿ ನೋಡಿದರು. "ಅಮ್ಮ ನಿಮ್ಮ ಮಾತಿನಲ್ಲಿ ನಿಲ್ಲಲಿಲ್ಲ. ಆಸ್ಪತ್ರೆಯಿಂದ ಫೋನ್ ಮಾಡಿ ಆ ಇಂಜೆಕ್ಷನ್ ಈಗ ಕೊಡ್ತಾರಾ ಕೇಳು ಅಂದಳು. ಎಡಗೈಗೆ ಕೊಡ್ಲಿಕ್ಕೆ ಹೇಳು ಅಂದಳು."

ಅಕ್ಕ ಎಲೆಯ ಮೇಲೆ ಕೈ ಹಾಗೆಯೇ ಬಿಟ್ಟು ನನ್ನನ್ನೇ ನೋಡಿದಳು. ಪಾಯಸದವರು ಬಂದು ನಿಂತು, ಬಡಿಸದೆ ಮುಂದೆ ಹೋದರು. ಭಾವ ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿದರು. ಆಮೇಲೆ ಸಣ್ಣ ಸ್ವರದಲ್ಲಿ, ತುಳುವಿನಲ್ಲಿ ಕೇಳಿದರು. "ಅತ್ತೆ ಹಾಗೆ ಹೇಳಿದ್ರಾ? ನನಗೆ ಯಾಕೆ ಯಾರೂ ಹೇಳಲಿಲ್ಲ?"

"ನಿಮಗೆ ಬೇಜಾರಾಗ್ತದೆ, ಹೇಳಬೇಡ ಅಂದಿದ್ದಳು" ಅಂದೆ. "ಬೇಜಾರಾಯ್ತಾ, ಭಾವ?"