ನನ್ನನ್ನು ವಿಚಾರಿಸಲು ಬಂದವರು

ಹಾಸನದ ಕಾರ್ಖಾನೆ ಮುಚ್ಚಿದ ಮೇಲೆ ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕಿ ತಿಂಗಳುಗಟ್ಟಲೆ ಅಲೆದಿದ್ದೆ. ಕೊನೆಗೊಂದು ದಿನ ಕೌಂಟರಿನ ಮೇಡಂ, "ರಿಜೆಕ್ಟ್ ಆಗಿದೆ. ನೀವು ಕೆಲಸದಲ್ಲೇ ಇದೀರಂತಲ್ಲ?" ಅಂದುಬಿಟ್ಟರು.

"ಯಾರು ಮೇಡಂ ಹೇಳಿದ್ದು?"

"ನಮ್ಮವರು ನಿಮ್ಮೂರು ಶಾಂತಿಗ್ರಾಮಕ್ಕೇ ಹೋಗಿ ವಿಚಾರಿಸಿದಾರೆ. ಹಾಲಿನ ಡೈರಿ ಹತ್ರ ಒಬ್ಬರು, ಒಳ್ಳೇ ಸಂಬಳ, ಇನ್ನೇನು ಮ್ಯಾನೇಜರ್ ಆಗ್ತಾನೆ ಅಂದರಂತೆ."

ಡೈರಿ ಜಗಲಿ ಬಿಟ್ಟು ಏಳದವನು ಪಕ್ಕದ ಮನೆ ಜವರಣ್ಣನೊಬ್ಬನೇ. ಬಸ್ಸಿಳಿದವನೇ ಅವನ ಮುಂದೆ ನಿಂತೆ.

"ಏನಣ್ಣ, ಹಿಂಗೆ ಮಾಡ್ಬುಟ್ಟೆ?"

"ಗುರುತಿಲ್ದೋರು ಬಂದು, ಉಡುಗ ಎಂಗೆ, ಕೆಲ್ಸ ಐತಾ ಅಂದ್ರೆ ಎಣ್ಣಿನ ಕಡೆಯೋರು ಅನ್ಕಳ್ದೆ ಇನ್ನೇನ್ಲಾ ಅನ್ಕಳ್ಳಿ? ಕುಡಿಯಾಕಿಲ್ಲ ಅಂತ್ಲೂ ಏಳಿವ್ನಿ ಕಣ್ಲಾ!"

ಇನ್ನು ಯಾರೇ ಬಂದರೂ ಇರೋದನ್ನೇ ಹೇಳು ಮಾರಾಯ ಎಂದು ಕೈಮುಗಿದು, ಮತ್ತೆ ಅರ್ಜಿ ಹಾಕಿದೆ.

ಜವರಣ್ಣ ಮಾತಿಗೆ ತಪ್ಪುವವನಲ್ಲ. ಹೋದ ವಾರ ವಿಚಾರಿಸಲು ಬಂದ ಇಬ್ಬರಿಗೆ, ಹುಡುಗನಿಗೆ ಕೆಲಸವೂ ಇಲ್ಲ, ಸಿಗುವ ಹಾಗೂ ಕಾಣೆ ಎಂದು ಆಣೆ ಇಟ್ಟು ಹೇಳಿ ಕಳಿಸಿದ್ದಾನೆ.

ಆಫೀಸಿನವರು ಇನ್ನೂ ಬಂದಿಲ್ಲ. ಬಂದಿದ್ದವರು ಅರಕಲಗೂಡಿನ ಹೆಣ್ಣಿನ ಕಡೆಯವರು.