ಹಂಗಳದ ಒಲೆ ಅಲುಗದಂತೆ

2006ರ ಬೇಸಿಗೆ. ನಾನು ಮತ್ತು ನಮ್ಮವರು, ಗಂಡ ಹೆಂಡತಿ ಸೇರಿ, ಚಾಮರಾಜನಗರದಲ್ಲಿ ಒಂದು ಸಣ್ಣ ಸಂಸ್ಥೆ ನಡೆಸುತ್ತಿದ್ದೆವು. ಕಾಡಂಚಿನ ಮನೆಗಳಿಗೆ ಗೋಬರ್ ಗ್ಯಾಸ್ ಘಟಕ, ಅಂದರೆ ಸಗಣಿಯಿಂದ ಅಡುಗೆ ಅನಿಲ ಕೊಡುವ ತೊಟ್ಟಿ, ಕಟ್ಟಿಸುವುದು ನಮ್ಮ ಕೆಲಸ. ಊರೂರು ತಿರುಗುವುದು ಅವರ ಪಾಲು. ಕಚೇರಿಯ ಕೆಲಸ, ಬೆಂಗಳೂರಿನ ಸಭೆಗಳು ನನ್ನ ಪಾಲು.

ಆ ದಿನ ನಾನೂ ಅವರ ಜೊತೆ ಗುಂಡ್ಲುಪೇಟೆ ಹತ್ತಿರದ ಹಂಗಳಕ್ಕೆ ಹೋಗಿದ್ದೆ. ಮಾದೇವಮ್ಮನ ಮನೆಯಲ್ಲಿ ಗ್ಯಾಸು ಚೆನ್ನಾಗಿ ಉರಿಯುತ್ತಿತ್ತು. ಆದರೂ ಆಕೆ ಸೌದೆಗೆ ಕಾಡಿಗೆ ಹೋಗುವುದನ್ನು ಬಿಟ್ಟಿರಲಿಲ್ಲ. ಹಿಂದಿನ ವರ್ಷವಷ್ಟೇ ಆನೆ ಅಟ್ಟಿಸಿಕೊಂಡು ಬಂದಾಗ ಹೊರೆ ಬಿಸಾಡಿ ಓಡಿ ಬದುಕಿಕೊಂಡಿದ್ದವಳು.

"ಯಾಕವ್ವ ಇನ್ನೂ ಹೋಗ್ತೀಯ?" ಎಂದರು ನಮ್ಮವರು.

"ಅನ್ನ, ಸಾರು ಎಲ್ಲಾ ಆಯ್ತದೆ ಸಾ. ಇಟ್ಟು ತೊಳ್ಸಕೆ ಕುಂತ್ರೆ ನಿಮ್ಮೊಲೆ ನನ್ಜೊತೆಗೇ ಗಿರಗಿರ ತಿರುಗ್ತದೆ."

ರಾಗಿ ಹಿಟ್ಟನ್ನು ಕೋಲಿನಿಂದ ಬಲವಾಗಿ ತಿರುವಿದರೇ, ಅಂದರೆ ತೊಳಸಿದರೇ, ಮುದ್ದೆ. ಮಣ್ಣಿನ ಒಲೆ ಪಾತ್ರೆಯನ್ನು ಕಚ್ಚಿ ಹಿಡಿಯುತ್ತದೆ. ನಾವು ಕೊಟ್ಟ ಹಗುರ ಒಲೆ ಜಾರುತ್ತಿತ್ತು. ಎರಡು ಹೊತ್ತೂ ಮುದ್ದೆ ಉಣ್ಣುವ ತುಂಬಿದ ಮನೆ ಅದು.

ನಮ್ಮವರು ಪಂಚೆ ಎತ್ತಿಕಟ್ಟಿ ನೆಲದ ಮೇಲೆ ಕೂತರು. ಒಲೆಯ ಬುಡಕ್ಕೆ ಬಲಗಾಲು ಒತ್ತಿ, "ಈಗ ತೊಳಸವ್ವ" ಎಂದರು. ಹಿಟ್ಟು ಗಂಟಿಲ್ಲದೆ ಕೂಡಿತು.

"ದಿನಾ ನೀವೇ ಬಂದು ಇಡ್ಕತೀರಾ? ಅಕ್ಕೋರು ಕಳ್ಸಾರಾ?" ಎಂದು ಮಾದೇವಮ್ಮ ನನ್ನತ್ತ ನೋಡಿದಳು.

"ಒಂದು ಮುದ್ದೆ ಇಕ್ಕು, ಇಲ್ಲೇ ಇದ್ಬುಡ್ತೀನಿ."

"ಕರ್ಕಂಡು ಓಗಿ ಅಕ್ಕಾ, ಒಂದು ಮುದ್ದೇಲಿ ನಿಲ್ಲೋ ಆಸಾಮಿ ಅಲ್ಲ!"

ಮುಂದಿನ ವಾರ ವೆಲ್ಡಿಂಗ್ ಅನ್ವರ್ ಸಾಬರನ್ನು ಕರೆತಂದು ಒಲೆಯನ್ನು ಅಲುಗದಂತೆ ನಿಲ್ಲಿಸಿಕೊಡುತ್ತೇನೆ, ಅಲ್ಲಿಯವರೆಗೆ ಒಬ್ಬಳೇ ಕಾಡಿಗೆ ಹೋಗಬೇಡ ಎಂದು ಹೇಳಿ ನಮ್ಮವರು ಹೊರಟರು.

ಮಾರನೆಯ ಬೆಳಿಗ್ಗೆ ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ.

ಸಂಸ್ಥೆಯ ಹೊಣೆ ನನಗೆ ಬಂತು. ತಿಂಗಳು ಕಳೆದ ಮೇಲೆ, ಹವಾಮಾನ ನೀತಿಯ ಬಗ್ಗೆ ಬೆಂಗಳೂರಿನಲ್ಲಿ ನಡೆದ ಸಭೆಗೆ ಹೋದೆ. ಘಟಕ ಕೊಟ್ಟರೂ ಹಳ್ಳಿಯವರು ಸೌದೆ ಬಿಡುವುದಿಲ್ಲ, ಅವರಲ್ಲಿ ಅರಿವು ಮೂಡಿಸಬೇಕು ಎಂದು ಒಬ್ಬರು ಹೇಳಿದರು. ಮೊದಲಾದರೆ ಇಂಥ ಮಾತು ಕೇಳಿ ಬಂದ ದಿನ ಮನೆಯಲ್ಲಿ ನಮ್ಮವರಿಗೆ ಹೇಳುತ್ತಿದ್ದೆ, ಇಬ್ಬರೂ ನಗುತ್ತಿದ್ದೆವು. ಅಂದು ಬಸ್ಸಿನಲ್ಲಿ ಪಕ್ಕದ ಸೀಟಿನ ಮೇಲೆ ಚೀಲ ಇಟ್ಟುಕೊಂಡು ಬಂದೆ.

ಆ ವಾರವೇ ಅನ್ವರ್ ಸಾಬರ ಜೊತೆ ಹಂಗಳಕ್ಕೆ ಹೋದೆ. ಮಾದೇವಮ್ಮ ಆಗತಾನೇ ಸೌದೆ ಹೊರೆ ಇಳಿಸುತ್ತಿದ್ದಳು. ನನ್ನನ್ನು ನೋಡಿ ಸೆರಗು ಬಾಯಿಗೊತ್ತಿಕೊಂಡಳು.

ಪಾತ್ರೆ ಹಿಡಿಯುವ ಬಳೆ ಇದ್ದ ಕಬ್ಬಿಣದ ಚೌಕಟ್ಟನ್ನು ಸಾಬರು ಮಾಡಿ ತಂದಿದ್ದರು. ಆದರೆ ತಿರುವುವ ಬಲವೆಲ್ಲ ಬೀಳುವ ಕಡೆಗೇ ಆಸರೆ ಕೊಡಬೇಕು. ನಮ್ಮವರು ಕಾಲು ಒತ್ತಿ ಹಿಡಿದದ್ದನ್ನು ದಾರಿಯಲ್ಲಿ ಸಾಬರಿಗೆ ಹೇಳಿದ್ದೆ.

"ಭಾಯಿ ಎಲ್ಲಿ ಕಾಲಿಟ್ಟಿದ್ರು ಅಮ್ಮಾ?" ಎಂದು ಕೇಳಿದರು.

ನಮ್ಮವರು ಕೂತಿದ್ದಲ್ಲೇ ಕೂತು ಕಾಲು ಒತ್ತಿದೆ.

"ಅಲ್ಲಲ್ಲ ಕಣಕ್ಕಾ," ಎಂದಳು ಮಾದೇವಮ್ಮ. "ಸಾ ಕಾಲು ಇನ್ನೂ ಈಚೆಗಿತ್ತು."

ಕಾಲು ಸರಿಸಿದೆ. ಸಾಬರು ಸೀಮೆಸುಣ್ಣದಲ್ಲಿ ನನ್ನ ಪಾದದ ಸುತ್ತ ಗೆರೆ ಎಳೆದರು. ಆ ಗೆರೆಯ ಮೇಲೆಯೇ ಕಬ್ಬಿಣ ನೆಟ್ಟು ಸಿಮೆಂಟ್ ಹಾಕಿದರು.

ಸಿಮೆಂಟ್ ಗಟ್ಟಿಯಾದ ಮೇಲೆ ಮತ್ತೆ ಹೋದೆ. ಮಾದೇವಮ್ಮ ಇದ್ದ ಬಲವೆಲ್ಲ ಹಾಕಿ ತೊಳಸಿದಳು. ಒಲೆ ಅಲುಗಲಿಲ್ಲ. ಮೊದಲ ಮುದ್ದೆಯನ್ನು ನನ್ನ ತಟ್ಟೆಗೆ ಇಕ್ಕಿ, "ಇದು ಅವರ್ದು. ಉಣ್ಣಿ" ಎಂದಳು.

ಅವಳು ಸೌದೆಗೆ ಹೋಗುವುದು ನಿಂತಿತು. ಮುಂದೆ ನಾವು ಕೊಟ್ಟ ಒಲೆಗಳಿಗೆಲ್ಲ ಆ ಚೌಕಟ್ಟು ಬಂತು. ಒಲೆ ಕೊಟ್ಟ ಮೇಲೆ ಅದರ ಮುಂದೆ ಕೂತು ಒಂದು ಹೊತ್ತಿನ ಅಡುಗೆ ಪೂರ್ತಿ ನೋಡಬೇಕು ಎಂಬುದು ನಾನು ಈ ಕೆಲಸದಲ್ಲಿ ಕಲಿತ ಪಾಠ. ಅವರಿಗೆ ಅದು ಮೊದಲೇ ಗೊತ್ತಿತ್ತು.

ಈಗಲೂ ಹಳ್ಳಿಯಿಂದ ಬಂದ ದಿನ ಹೇಳಲು ಏನಾದರೂ ಇರುತ್ತದೆ. ಕೇಳಲು ಮನೆಯಲ್ಲಿ ಅವರಿಲ್ಲ.